ಉಂಗುಷ್ಟ

ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ
ನಜೀರ್ ಸಾಬರ ಸಾಮಿಲ್ಲಿನ ಬೆನ್ನಿಗೊಂದು ತಗಡಿನ ಶೆಡ್ಡು.
ಬಾಡಿಗೆಯಿಲ್ಲ. ಷರತ್ತು ಒಂದೇ:
ತೇಗದ ಅಟ್ಟಿಗೆ ಕೈ ಹಾಕಕೂಡದು.

ಭಾನುವಾರ ಏಳಕ್ಕೆ ಬರುತ್ತೇವೆ, ಹದಿನಾಲ್ಕು ಜನ.
ಹಲ್ಲಿನ ಡಾಕ್ಟರು ಸುಮತೀಂದ್ರ, ನರ್ಸ್ ಸೆಲಿನ್,
ಗಡಿಯಾರದ ಕಾರ್ಖಾನೆ ಮುಚ್ಚಿದ ಮೇಲೂ
ಬೆಳಗಿನ ಪಾಳಿಗೆ ಎಚ್ಚರಾಗುವ ಚಿಕ್ಕಹನುಮಯ್ಯ,
ಮತ್ತೆ ನಾನು, ಹದಿನೆಂಟು ವರ್ಷ ಟಿಕೆಟ್ ಹರಿದ ಹೆಬ್ಬೆರಳು.
ಇಲ್ಲೂ ನನಗೆ ಹೆಸರಿಲ್ಲ, ಕಂಡಕ್ಟ್ರಮ್ಮ.
ಆದರೆ ಇಲ್ಲಿ ಯಾರಿಗೂ
ಒಳಗೆ ನಡೀರಿ, ಒಳಗೆ ನಡೀರಿ ಅನ್ನಬೇಕಿಲ್ಲ.
ಎಲ್ಲಿ ನಿಲ್ಲಬೇಕೆಂದು ಮರವೇ ಹೇಳುತ್ತದೆ,
ಕೇಳದಿದ್ದರೆ ಎಳೆ ಸೀಳಿಕೊಂಡು
ಮೂರು ವಾರ ತಿದ್ದಿದ ಮೀನಿನ ಬಾಲ
ಟೀ ಲೋಟದ ಪಕ್ಕ ಬೀಳುತ್ತದೆ.
ಆವತ್ತು ಸೆಲಿನ್ ಆಡಿದ ಮಾತನ್ನು
ರಿಜಿಸ್ಟರಿನಲ್ಲಿ ಬರೆದಿಲ್ಲ.

ವರ್ಷಕ್ಕೊಂದು ಪಂದ್ಯ, ಶ್ರಾವಣ ಕಳೆದ ಮೇಲೆ.
ಎಲ್ಲರಿಗೂ ಒಂದೇ ಮರ, ಒಂದೇ ಅಳತೆ,
ಗೇಣುದ್ದ, ನಾಲ್ಕು ಬೆರಳು ದಪ್ಪ.
ಈ ಸಲದ್ದು ಮಳೆಮರ. ಮೇ ತಿಂಗಳ ಗಾಳಿಗೆ
ಹೊಸಹಳ್ಳಿಯಲ್ಲಿ ಆಟೋದ ಮೇಲೆ ಮಲಗಿದ್ದು.
(ಡ್ರೈವರ್ ಎಳನೀರಿಗೆ ಇಳಿದಿದ್ದ, ಬದುಕಿದ.)
ಚೀಟಿ ಎತ್ತಿದವನು ಸಾಬರ ಮೊಮ್ಮಗ ಇಮ್ದಾದ್.
ವಿಷಯ: ಚಪ್ಪಲಿ.

ನಕ್ಕೆವು.
ಆಮೇಲೆ ಒಬ್ಬೊಬ್ಬರೇ
ಬಾಗಿಲಲ್ಲಿ ಬಿಟ್ಟ ನಮ್ಮನಮ್ಮವನ್ನು
ಮೊದಲ ಸಲ ನೋಡಿದೆವು.

ಎರಡನೇ ಭಾನುವಾರ ನನ್ನ ಉಳಿ ಕಿರ್ರೆಂದಿತು.
ಮೊಳೆ.
ಯಾವ ಪೀಜಿಯ ಬೋರ್ಡಿಗೋ, ಟ್ಯೂಷನ್ನಿಗೋ,
ಕಾಣೆಯಾದ ನಾಯಿಗೋ ಹೊಡೆದದ್ದು;
ಮರ ಅದನ್ನು ನುಂಗಿ, ಸದ್ದಿಲ್ಲದೆ
ಮೇಲೆ ಇಪ್ಪತ್ತು ವರ್ಷ ಸುತ್ತಿಕೊಂಡಿತ್ತು.
ಉಳಿಯ ಬಾಯಿ ಕಡಲೆಕಾಳಿನಷ್ಟು ಮುಕ್ಕಾಯಿತು.
"ಬೇರೆ ತುಂಡು ತಗೊಳ್ಳಿ" ಅಂದರು ಡಾಕ್ಟರು,
"ಇಲ್ಲಾ, ಕಿತ್ತುಬಿಡಲಾ?" ಕೈಯನ್ನೂ ಚಾಚಿದರು, ಅಭ್ಯಾಸಬಲ.
ಬೇಡವೆಂದೆ. ಮೆಜೆಸ್ಟಿಕ್ಕಿನ ಮೆಟ್ಟಿಲ ಬಳಿ ಕೂತವನು
ನನ್ನ ಚಪ್ಪಲಿಗೆ ಎಷ್ಟು ಮೊಳೆ ಹೊಡೆದಿಲ್ಲ!
ಸುತ್ತಲೂ ಹೆರೆಯುತ್ತ ಹೋದೆ. ತುಕ್ಕಿನ ಮಂಡೆ
ಉಂಗುಷ್ಟದ ಬುಡಕ್ಕೇ ಬಂದು ಕೂತಿತು,
ಕರೆದು ಮಣೆ ಹಾಕಿದ ಹಾಗೆ.

ಪಂದ್ಯದ ದಿನ ಮೇಜಿನ ಮೇಲೆ ಹದಿನಾಲ್ಕು, ಎಲ್ಲ ಒಂಟಿ.
ಡಾಕ್ಟರದು ಕ್ಲಿನಿಕ್ಕಿನ ಹವಾಯಿ, ನುಣ್ಣಗೆ, ಕಾಲೇ ಕಾಣದ್ದು.
ಸೆಲಿನ್‌ದು ಹಿಮ್ಮಡಿ ಮುರಿದ ಮದುವೆಯ ಷೂ.
ಚಿಕ್ಕಹನುಮಯ್ಯನವರದು ಮಗುವಿನದು, ಅಂಗೈಯಷ್ಟು;
ಎಡಗಾಲಿನದು, ಆದರೆ ದಿನವೂ
ಬಲಕ್ಕೆ ಮೆಟ್ಟಿ ಓಡಿದ ಹಾಗೆ
ಸವೆಯಬಾರದ ಅಂಚಿನಲ್ಲಿ ಸವೆದದ್ದು.
ಯಾರದೆಂದು ಯಾರೂ ಕೇಳಲಿಲ್ಲ.

ಓಟೆಂದರೆ ಹೆರೆಯ ಒಂದು ಸುರುಳಿ.
ಫ್ಯಾನು ಆರಿಸಿ, ಮೆಚ್ಚಿದ್ದರ ಮುಂದೆ ಇಡಬೇಕು.
ನನ್ನ ಮುಂದೆ ಆರು ಬಿದ್ದವು.
ಅವರ ಮುಂದೆ ಐದು, ಒಂದು ನಾನಿಟ್ಟದ್ದು.

ಬಹುಮಾನವೆಂದರೆ ಶಿಕ್ಷೆ:
ಗೆದ್ದವರು ವರ್ಷವಿಡೀ ಎಲ್ಲರ ಉಳಿ ಮಸೆಯಬೇಕು.
ಸೆಪ್ಟೆಂಬರ್ ಬಂತೆಂದರೆ ಕೆಲವರ ಕೈ
ಬೇಕೆಂದೇ ಕೆಡುತ್ತದೆ ಅಂತ ಸಾಬರ ಗುಮಾನಿ.
ನಾಲ್ಕು ವರ್ಷ ಮಸೆದ ಚಿಕ್ಕಹನುಮಯ್ಯ
ಸಾಣೆಕಲ್ಲನ್ನು ಹಳೇ ಟವೆಲಿನಲ್ಲಿ ಸುತ್ತಿ ಕೊಟ್ಟರು.
"ನೀರು ಜಾಸ್ತಿ ಹಾಕಿ." ಅಷ್ಟೇ ಮಾತು.

ಕಡೇ ಟ್ರಿಪ್ಪು ಮುಗಿಸಿ ಬಂದು
ಬಚ್ಚಲ ಕಟ್ಟೆಯ ಮೇಲೆ ಒಂದೊಂದೇ ಮಸೆಯುತ್ತೇನೆ.
ಯಾರದು ಯಾವುದೆಂದು ಈಗ ಚೀಟಿ ನೋಡಬೇಕಿಲ್ಲ.
ಡಾಕ್ಟರದು ನಡುವೆ ಹಳ್ಳ, ಅವಸರದ ಮನುಷ್ಯ.
ಸೆಲಿನ್‌ದು ತುದಿ ಮಾತ್ರ ಮೊಂಡು.
ಚಿಕ್ಕಹನುಮಯ್ಯನವರದು ಎಡಮೂಲೆ ಸವೆದು ಓರೆ;
ನಮ್ಮೆಲ್ಲರದನ್ನೂ ನೆಟ್ಟಗೆ ಮಸೆದವರು
ತಮ್ಮದನ್ನು ಹಾಗೇ ಬಿಟ್ಟಿದ್ದರು.

ನೀರು ಜಾಸ್ತಿ ಹಾಕಿದೆ.
ಹರಿತ ಬಂತು. ಓರೆ ಉಳಿಯಿತು.