ಒಂದು ಬೀಜದ ಬಾಟಲಿ

ದುರ್ಗಿಗುಡಿಯ ಕನ್ನಡಕದಂಗಡಿಯ ಮೇಲೆ
ಭಾನುವಾರ ನಾಲ್ಕಕ್ಕೆ ಸೇರುತ್ತಿದ್ದೆವು,
ಪ್ರೋಗ್ರಾಂ ಬರೆಯುವ ಹದಿನಾಲ್ಕು ಮಂದಿ.
ಗೋಡೆಗೊಂದು ಹಲಗೆ, ಹಲಗೆಯ ಮೇಲೆ ಹಾರ್ಲಿಕ್ಸ್ ಬಾಟಲಿಗಳು,
ಒಬ್ಬೊಬ್ಬರ ಹೆಸರಿಗೆ ಒಂದೊಂದು.
ಒಳ್ಳೆಯ ಉತ್ತರಕ್ಕೆ ಒಂದು ಹುಣಸೆಬೀಜ ಒಳಗೆ,
ಮೂರು ಕೈ ಎದ್ದರೆ ಒಂದು ಹೊರಗೆ.
ಐವತ್ತು ದಾಟದವರು ಬೋರ್ಡಿನ ಪೆನ್ನು ಮುಟ್ಟುವಂತಿಲ್ಲ,
ಬಾಟಲಿ ಬರಿದಾದವರು ಬಾಯಿ ತೆರೆಯುವಂತಿಲ್ಲ.
ಹೊಸಬರಿಗೆ ಪುಕ್ಕಟೆ ಒಂದು ಬೀಜ.
ಧಾರಾಳಿಗಳು ನಾವು.

ನನ್ನದು ಕತ್ತಿನವರೆಗೆ ತುಂಬಿತ್ತು.
ಅಲ್ಲಾಡಿಸಿದರೆ ಸದ್ದಿಲ್ಲ.
ತುಂಬಿದ ಕೊಡ ತುಳುಕುವುದಿಲ್ಲ ಎಂದು
ಶಾಲೆಯ ಗೋಡೆಯಲ್ಲಿ ಬರೆದಿದ್ದು
ನನ್ನ ಬಗ್ಗೆಯೇ ಅಂದುಕೊಂಡಿದ್ದೆ.
(ಒಳಗುಟ್ಟು: ವಾದಿರಾಜನ ಉತ್ತರಕ್ಕೆ ನನ್ನ ಬೀಜ,
ನನ್ನ ಉತ್ತರಕ್ಕೆ ವಾದಿರಾಜನದು,
ಕೊಟ್ಟು ತರುವ ಸಂಬಂಧದ ಹಾಗೆ.)

ಆಯನೂರಿನಿಂದ ಬಸ್ಸು ಹತ್ತಿ ಬಂದವಳು ಹಾಲಮ್ಮ,
ಡೇರಿಯಲ್ಲಿ ಲೆಕ್ಕ ಬರೆಯುವಾಕೆ.
ಡೇರಿಗೆ ಹಾಲಮ್ಮ! ಹಿಂದಿನ ಬೆಂಚು ನಕ್ಕಿತು.
ಚೀಲದಿಂದ ಉದ್ದ ರೂಲಿನ ಪುಸ್ತಕ ತೆಗೆದಳು.
ತಾನೇ ಬರೆದ ಪ್ರೋಗ್ರಾಮನ್ನು
ಬಾಲ್‌ಪೆನ್ನಿನಲ್ಲಿ ನಕಲು ಮಾಡಿ ತಂದಿದ್ದಳು,
ನಲವತ್ತೊಂದು ಸಾಲು.
"ಹದಿನೈದು ದಿನಕ್ಕೊಮ್ಮೆ ಬಟವಾಡೆ. ಕೂಡಿದರೆ ಎಲ್ಲಾ ಸರಿ,
ಒಂದು ಪೈಸೆ ಮಾತ್ರ ಎಲ್ಲಿಗೋ ಹೋಗುತ್ತೆ.
ಎಲ್ಲಿಗೆ?"

ಸುಧನ್ವ ತಲೆಯೆತ್ತದೆ ಹೇಳಿದ: ಹಳೇ ಪ್ರಶ್ನೆ.
ಇನ್ನೊಬ್ಬರು: ಮೊದಲು ಹುಡುಕಿ ನೋಡಬೇಕಿತ್ತು.
ಮತ್ತೊಬ್ಬರು: ಕೇಳುವ ಕ್ರಮ ಇದಲ್ಲ.
"ಪ್ರಶ್ನೆ ಹಳೇದಿರಬಹುದು ಸಾರ್," ಅಂದಳು,
"ಪೈಸೆ ಈ ತಿಂಗಳದ್ದು. ಕೆಂಚಮ್ಮನ ಹೆಸರಲ್ಲಿದೆ."

ಒಂದು ಕೈ ಎದ್ದಿತು. ಎರಡು.
ಮೂರನೆಯದು ನನ್ನದು.
ಕಾರಣ ಕೇಳಬೇಡಿ. ಸೆಕೆ ಇತ್ತು, ಕಾಫಿ ಆರುತ್ತಿತ್ತು,
ಎದ್ದ ಎರಡು ಕೈಗಳ ಪಕ್ಕದಲ್ಲಿ
ಮಡಿಲಲ್ಲಿಟ್ಟ ಕೈಗೆ ಒಂಟಿತನ ಹತ್ತುತ್ತದೆ.

ಹಲಗೆಯ ಹತ್ತಿರ ಕೂತಿದ್ದಕ್ಕೆ
ಬೀಜ ತೆಗೆಯುವ ಕೆಲಸವೂ ನನಗೇ ಬಂತು.
ಬಾಟಲಿ ಎತ್ತಿದೆ. ಕಣಕಣ,
ಇಡೀ ಕೋಣೆಗೆ ಕೇಳುವ ಹಾಗೆ
ಒಂದೇ ಒಂದು ಬೀಜ ಮಾತಾಡಿತು.
ಎರಡು ವರ್ಷದಲ್ಲಿ ಆ ಹಲಗೆಯಿಂದ ಬಂದ ಮೊದಲ ಸದ್ದು.

ಪುಸ್ತಕ ಮಡಿಸಿದಳು, ನಮ್ಮ ಚಪ್ಪಲಿಗಳ ರಾಶಿಯಲ್ಲಿ
ತನ್ನದನ್ನು ಹುಡುಕಿ ಮೆಟ್ಟಿಲಿಳಿದಳು.
ಯಾರೂ ಬೈಯಲಿಲ್ಲ, ಅದನ್ನೂ ದಾಖಲಿಸಬೇಕು.
ನಮ್ಮಲ್ಲಿ ಬೈಗುಳಕ್ಕೆ ನಿಷೇಧವಿತ್ತು.

ಮಳೆಗಾಲ ಕಳೆದು ಬಾಟಲಿ ಇಳಿಸಿದರೆ
ನನ್ನ ಬೀಜಕ್ಕೆಲ್ಲ ಹುಳು ಬಿದ್ದಿತ್ತು.
ಒಂದೊಂದಕ್ಕೂ ಸೂಜಿಮೊನೆಯ ತೂತು, ತಳದಲ್ಲಿ ಹಿಟ್ಟು.
ಮುನ್ನೂರ ಹನ್ನೆರಡು.
ಲೆಕ್ಕ ಮಾತ್ರ ಸರಿಯಿತ್ತು.

ಆಮೇಲೊಮ್ಮೆ ಹೊಸನಗರಕ್ಕೆ ಹೋಗುವಾಗ
ಆಯನೂರಿನಲ್ಲಿ ಬಸ್ಸು ಕೆಟ್ಟಿತು, ಬೆಳಗಿನ ಆರೂವರೆ.
ಚಹಾದಂಗಡಿ ತೆರೆದಿರಲಿಲ್ಲ. ಹಾಲಾದರೂ ಸಿಗಲಿ ಎಂದು
ಡೇರಿಯ ಸಾಲಿನಲ್ಲಿ ನಿಂತೆ.
ಮುಂದಿನವರ ಚೀಟಿ ಇಣುಕಿದೆ:
ರೂಪಾಯಿಯಿಲ್ಲ, ದಶಮಾಂಶದ ಚುಕ್ಕಿಯಿಲ್ಲ,
ಎಲ್ಲವೂ ಇಡೀ ಇಡೀ ಪೈಸೆ,
ನಾಲ್ಕು ಸಾವಿರದ ಇನ್ನೂರ ಏಳು.
ಚುಕ್ಕಿಯ ಸಂದಿಯಲ್ಲೇ ಸೋರುತ್ತಿತ್ತು ಕೆಂಚಮ್ಮನ ಪೈಸೆ.
ಚುಕ್ಕಿಯನ್ನೇ ಕಿತ್ತೆಸೆದಿದ್ದಳು,
ನಮ್ಮ ಯಾರ ಕೈಯನ್ನೂ ಕಾಯದೆ.

ನನ್ನ ಸರದಿ. ಗುರುತು ಸಿಕ್ಕಿತೋ ಇಲ್ಲವೋ.
"ಪಾತ್ರೆ?" ಅಂದಳು.
ತಂದಿರಲಿಲ್ಲ. ತರಬೇಕೆಂದು ಗೊತ್ತಿರಲಿಲ್ಲ.
ಹಿಂದೆ ನಿಂತವರು ಗೊಣಗಿದರು, ಅಷ್ಟೂ ತಿಳಿಯದೇನ್ರೀ.
"ಮೊದಲ ಸಲ ಬಂದಿದಾರೆ, ಇರಲಿ ಬಿಡಿ" ಎಂದು
ತನ್ನ ಚೊಂಬನ್ನೇ ತೊಳೆದು, ಅಳೆದು ಕೊಟ್ಟಳು.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.
ಚೊಂಬು ಇನ್ನೂ ನನ್ನ ಹತ್ತಿರವೇ ಇದೆ.