ಹತ್ತು ಲಕ್ಷದ ಮೇಲೊಂದು

ನಂಬರು ಒತ್ತುವ ಮಷೀನಿಗೆ ಆರೇ ಗಾಲಿ,
ನೀಲಿ ಮಸಿ ಕುಡಿದು ಅಂಕಿಗಳೆಲ್ಲ ದಪ್ಪಗಾದವು.
ಹದಿನಾರು ವರ್ಷದಿಂದ ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ಪ್ಯಾಂಟಿಗೊಂದು ಚೀಟಿ,
ಚೀಟಿಗೊಂದು ಏಟು.

ಮೊನ್ನೆ ಗುರುವಾರ ಆರು ಒಂಬತ್ತು ಸಾಲಾಗಿ ನಿಂತವು.
ಮುಂದಿನ ಏಟಿಗೆ ಆರೂ ಗಾಲಿ ಒಟ್ಟಿಗೆ ಹೊರಳಿ
ಬರೀ ಸೊನ್ನೆ.
ಹತ್ತು ಲಕ್ಷಕ್ಕೆ ಅಲ್ಲಿ ಜಾಗವೇ ಇರಲಿಲ್ಲ.
ಅದರ ಮೇಲಿನದಕ್ಕೆ ಬಂದದ್ದು
ಐದು ಸೊನ್ನೆ, ಕೊನೆಗೊಂದು ಒಂದು.

ಮಾಲೀಕ ಎರ್ರಿಸ್ವಾಮಿ ತಲೆ ಎತ್ತಲಿಲ್ಲ:
"ಬಿಲ್ಲು ಡಜನ್ ಲೆಕ್ಕ, ಬಿಡಲೇ."
ಡಜನ್ ಲೆಕ್ಕಕ್ಕೆ ಎಂಬತ್ತಮೂರು ಸಾವಿರದ
ಮುನ್ನೂರ ಮೂವತ್ತಮೂರು ಕಟ್ಟು;
ಯಾವ ಕಟ್ಟಿಗೂ ಸೇರದೆ ಐದು ಪ್ಯಾಂಟು.

ಊಟದ ಬಿಡುವಿಗೆ ಕರೆಂಟು ಹೋಗಿತ್ತು.
ಬಾಗಿಲ ಬಿಸಿಲಲ್ಲಿ ಕೂತು, ಪ್ಯಾಟರ್ನಿನ ರಟ್ಟಿನ ಮೇಲೆ
ಸೀಮೆಸುಣ್ಣದಲ್ಲಿ ಹಂಚತೊಡಗಿದೆ.
ಎರಡರಿಂದ ಹಂಚಿದರೆ ಒಂದು ಉಳಿಯಿತು.
ಐದಕ್ಕೆ, ಎಂಟಕ್ಕೆ, ಹದಿನಾರಕ್ಕೂ ಅದೇ ಒಂಟಿ ಒಂದು.
ಮೂರಕ್ಕೆ ಎರಡು. ಏಳಕ್ಕೆ ಎರಡು.
ಹನ್ನೊಂದು, ಹದಿಮೂರು, ಮೂವತ್ತೇಳು,
ಯಾರನ್ನು ಕೇಳಿದರೂ ಎರಡು, ಎರಡು.
ತಡವಾಗಿ ಹೊಳೆಯಿತು:
ಆ ಆರು ಒಂಬತ್ತನ್ನು ಇವರೆಲ್ಲ ಅಗುಳೂ ಬಿಡದೆ ಉಂಡವರು,
ಆಮೇಲೆ ಬಡಿಸಿದ ಎರಡು ಮಾತ್ರ ಎಲೆಯ ಮೇಲೆ.
ಹದಿನೇಳಕ್ಕೆ ಹತ್ತು ಉಳಿದಾಗ ಸುಣ್ಣ ಮುರಿಯಿತು.

ದಾರ ಕತ್ತರಿಸುವ ಹುಸೇನ್‌ಬೀ ಕತ್ತರಿ ನಿಲ್ಲಿಸದೆ ಅಂದಳು:
"ನೂರಾ ಒಂದರಿಂದ ನೋಡು.
ಮದುವಿ ಮನ್ಯಾಗ ಬರೀ ನೂರು ಕೊಡ್ತೀಯೇನು?
ಮ್ಯಾಲೊಂದು ಇಡ್ತೀಯಿಲ್ಲೋ?"

ಹಂಚಿದೆ. ಒಂದೆಳೆ ಉಳಿಯಲಿಲ್ಲ.

ಭಾಗಿಸಿ ಬಂದದ್ದು ಒಂಬತ್ತು ಸಾವಿರದ ಒಂಬೈನೂರ ಒಂದು.
ಅದನ್ನೂ ಬಿಚ್ಚಲು ಹೋದೆ, ರೊಟ್ಟಿ ಒಣಗಿತು.
ತೊಂಬತ್ತೇಳರ ತನಕ ನಡೆದು, ಏಳು ಉಳಿದು, ಕೈಬಿಟ್ಟೆ.
ಅದಕ್ಕೆ ಹೊಲಿಗೆಯೇ ಇಲ್ಲ,
ಕಿಟಕಿಯಾಚೆ ಕಾಯುತ್ತಿರುವ ಗುಡ್ಡದ ಹಾಗೆ
ಒಂದೇ ಕಲ್ಲು.

ಜೀನ್ಸಿಗೆ ಒಳಗೊಂದು ಬಣ್ಣ, ಹೊರಗೊಂದು;
ಈ ಸಂಖ್ಯೆಯನ್ನು ಎಡದಿಂದ ಓದು, ಬಲದಿಂದ ಓದು, ಅದೇ.
ಸಾವಿರದ ಚೌಕ, ಪಕ್ಕದಲ್ಲಿ ಒಂದರ ಚುಕ್ಕಿ:
ಇಷ್ಟು ಯಾರಿಗಾದರೂ ಕಾಣುತ್ತದೆ.
ಅಷ್ಟೇ ಬಟ್ಟೆ, ಕಟಿಂಗ್ ಮೇಜಿನ ಮೇಲೆ,
ಒಂಬೈನೂರ ಎಂಬತ್ತರ ಚೌಕವೊಂದು,
ನೂರ ತೊಂಬತ್ತೊಂಬತ್ತರದೊಂದು.
ಚಿಂದಿ ಬೀಳುವುದಿಲ್ಲ.
ನಾಲ್ಕು ಸಲ ಗುಣಿಸಿ ನೋಡಿದೆ.

ಹದಿನಾರು ವರ್ಷದ ಹಿಂದಿನ ಮೊದಲ ಚೀಟಿಯಲ್ಲೂ
ಇದೇ ಐದು ಸೊನ್ನೆ, ಇದೇ ಒಂದು.
ಆ ಪ್ಯಾಂಟು ಯಾರ ಮೊಣಕಾಲಲ್ಲಿ ಹರಿಯಿತೋ.
ಅದಕ್ಕೂ ಇದಕ್ಕೂ ನಡುವಿನ ಹತ್ತು ಲಕ್ಷವನ್ನು
ಚೀಟಿ ಹೇಳುವುದಿಲ್ಲ.

ಹುಸೇನ್‌ಬೀಯ ಅಪ್ಪ ಸಂತೆಯಲ್ಲಿ ಜೋಳ ಅಳೆಯುತ್ತಿದ್ದ,
ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ.
ಆ ಪ್ಯಾಂಟನ್ನು ಮಡಿಲಿಗೆಳೆದು, ತುದಿಯ ದಾರ ಕಚ್ಚಿ,
"ಲಾಭ" ಅಂದಳು.

ಕರೆಂಟು ಬಂತು.
ಎರಡು, ಅಂದೆ ನಾನು,
ಮಷೀನಿನ ಮೇಲೆ ಕೈಯಿಟ್ಟು.