ಕುಂಜಾರುಗಿರಿಯ ಟ್ರಿಪ್‌ಶೀಟು

ಹತ್ತು ಗಂಟೆಯವರೆಗೆ ಆಕಾಶದಲ್ಲಿ ಏನೂ ಇರುವುದಿಲ್ಲ.
ಮುರಕಲ್ಲು ಕಾಯಬೇಕು, ಕಾದ ಗಾಳಿ ಮೇಲೇಳಬೇಕು,
ಆಮೇಲೆ ಅವು ಅದನ್ನು ಹತ್ತಿ ಕೂರುತ್ತವೆ,
ರೆಕ್ಕೆ ಬಡಿಯದೆ, ಪುಕ್ಕಟೆ.

ಇಪ್ಪತ್ತೊಂಬತ್ತು ವರ್ಷ ಕಾರ್ಕಳ–ಉಡುಪಿ ರೂಟಿನಲ್ಲಿ
ತಲೆ ಎಣಿಸಿದವನು ನಾನು.
ಫುಟ್‌ಬೋರ್ಡಿನಲ್ಲಿ ನೇತಾಡುವವರು, ಮಡಿಲ ಮಕ್ಕಳು,
ನನ್ನ ಕಂಡೊಡನೆ ನಿದ್ದೆ ಬರುವವರು,
ಒಮ್ಮೆ ಕಣ್ಣು ಹಾಯಿಸಿದರೆ ಲೆಕ್ಕ ಸಿಗುತ್ತಿತ್ತು.
ಅದಕ್ಕೇ ಇರಬೇಕು, ಮೊಣಕಾಲು ಕೈಕೊಟ್ಟ ವರ್ಷ
ವಾಮನ ಮೇಷ್ಟ್ರು ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು:
"ಉತ್ತರಕ್ಕೆ ಹೋಗುವ ಗಿಡುಗ ಮಾತ್ರ. ತಿರುಗಿ ಬಂದರೆ ಕಳೆಯಿರಿ.
ಮಲ್ಪೆಯ ಹದ್ದು ಬೇಡ, ಅವು
ಮೀನಿನ ವಾಸನೆಗೆ ಇಲ್ಲೇ ಸುತ್ತುವ ಲೋಕಲ್‌ಗಳು."

ಸೆವ್ರಿನ್ ಬಾಯಿ ಬರುವುದು ಒಂಬತ್ತೂವರೆಗೆ,
ಬೆಳಗಿನ ಮಲ್ಲಿಗೆಯನ್ನು ಶಂಕರಪುರದ ಕಟ್ಟೆಗೆ ಮುಟ್ಟಿಸಿ,
ಬೆರಳಲ್ಲಿ ಬಾಳೆನಾರಿನ ಕಲೆ, ಕೈಯಲ್ಲಿ ಪುನರ್ಪುಳಿಯ ಬಾಟ್ಲಿ.
ಎಂಟುನೂರು ಮೊಗ್ಗಿಗೆ ಚೆಂಡು, ನಾಲ್ಕು ಚೆಂಡಿಗೆ ಅಟ್ಟೆ.
ಬೆಳಕು ಹರಿಯುವ ಮೊದಲೇ ಎಣಿಸಿ ಎಣಿಸಿ
ಅವಳಿಗೆ ಮೊದಲು ಲೆಕ್ಕ ಸಿಗುತ್ತದೆ, ಆಮೇಲೆ ಹಕ್ಕಿ.
"ಗಿಡಿ! ಟವರಿನ ಬಲಕ್ಕೆ!" ಎನ್ನುವಾಗ
ನಾನಿನ್ನೂ ಗಾಜು ಒರೆಸುತ್ತಿರುತ್ತೇನೆ.

ಮಾರ್ಚ್ ಹತ್ತೊಂಬತ್ತಕ್ಕೆ ನಮಗೆ ಜಗಳವಾಯಿತು.
ಪಾಜಕದ ಮೇಲೆ ಒಂದು ಸುಳಿ, ಹಾಲು ಕಡೆದ ಹಾಗೆ,
ಮೇಲಿನವು ಕೆಳಗಿನವುಗಳೊಳಗೆ ಕಲೆತು,
ಬಿಸಿಲಿಗೆ ಹೊಟ್ಟೆ ತೋರಿಸಿ, ಮರುಗಳಿಗೆ ಬೆನ್ನು ತೋರಿಸಿ ಮಾಯ.
ನನಗೆ ಮೂವತ್ತೇಳು. ಅವಳಿಗೆ ಮೂವತ್ತೊಂಬತ್ತು.
"ಎರಡು ಹೋಗುವಾಗ ನೀವು ಬೆವರು ಒರೆಸಿದ್ದು."
"ಒಂದನ್ನೇ ಮೂರು ಸಲ ಎಣಿಸಿದ್ದು ನೀನು."
ಬಾಟ್ಲಿಯ ಮುಚ್ಚಳ ಬಿಗಿದು ಇಳಿದೇ ಹೋದಳು.
ನಾನು ಮೂವತ್ತೇಳು ಬರೆದೆ.
ರಾತ್ರಿ ಮೇಷ್ಟ್ರಿಗೆ ಫೋನಿನಲ್ಲಿ ಹೇಳುವಾಗ
ಬಾಯಿಗೆ ಬಂದದ್ದು ಮಾತ್ರ ಮೂವತ್ತೊಂಬತ್ತು.

ಕೆಲವು ದಿನ ಏನೂ ಇಲ್ಲ.
ಮಧ್ಯಾಹ್ನ ಕಡಲಗಾಳಿ ಏಳುವ ತನಕ ಕೂತು,
ಗೇರುಹೂವಿನ ಗಾಟು ಮೂಗಿಗೆ ಅಡರಿ,
ದೇವಸ್ಥಾನದ ಮೆಟ್ಟಿಲಲ್ಲಿ ಯಾರದೋ ಮಗು
ಮೆಟ್ಟಿಲು ಎಣಿಸುತ್ತಾ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿ.
ಸೊನ್ನೆಯನ್ನೂ ಬರೆಯಬೇಕು. ಅದು ನನಗೆ ಯಾರೂ ಕಲಿಸಬೇಕಿಲ್ಲ.
ಕೊನೆಯ ಬಸ್ಸು ಖಾಲಿ ಓಡಿದರೂ ಓಡಿದ್ದು ಓಡಿದ್ದೇ,
ಖಾಲಿ ಸೀಟುಗಳಿಗೆ "ರೈಟ್ ಪೋಯಿ" ಅಂದಿದ್ದೇನೆ ನಾನು.

ಇವು ಎಲ್ಲಿ ಹತ್ತಿದವೋ. ಎಲ್ಲಿ ಇಳಿಯುತ್ತವೋ.
ನಮ್ಮದು ನಡುವಿನ ಒಂದು ಸ್ಟೇಜು,
ಅದೂ ಅವು ನಿಲ್ಲದ್ದು.

ಏಪ್ರಿಲ್ ಆರು. ಮೋಡ. ಸೆವ್ರಿನ್ ಬಾಯಿ ಬಂದಿದ್ದಳು,
ಮಾತಿಲ್ಲ, ಬಾಟ್ಲಿ ಮಾತ್ರ ನಡುವೆ ಇಟ್ಟಳು.
ಹನ್ನೊಂದೂಕಾಲಕ್ಕೆ ಒಂದೇ ಒಂದು, ಬಡಗಿನಿಂದ,
ತಗ್ಗಿನಲ್ಲಿ, ನಮ್ಮ ಕಣ್ಣಮಟ್ಟಕ್ಕೇ ಬಂದು
ತೆಂಕಿಗೆ ಹೋಯಿತು. ಅವಸರವಿರಲಿಲ್ಲ.
ಬೇರೆ ಬರಲಿಲ್ಲ. ಅಂದಿನ ಮೊತ್ತ: ಮೈನಸ್ ಒಂದು.
"ಹೀಗೂ ಬರೆಯಲಿಕ್ಕುಂಟೋ?" ಎಂದಳು.

ಉಂಟು, ಎಂದೆ.
ಬೈಲೂರಿನಲ್ಲೊಮ್ಮೆ, ಸಂಜೆಯ ಟ್ರಿಪ್ಪು,
ಟ್ರಂಕು ಹಿಡಿದವಳೊಬ್ಬಳು ಉಡುಪಿಗೆ ಟಿಕೇಟು ತೆಗೆದವಳು
ಅರ್ಧದಲ್ಲೇ ಬೆಲ್ಲಿನ ಹಗ್ಗ ಎಳೆದು ಇಳಿದಳು.
ರಸ್ತೆ ದಾಟಿ ನಿಂತು
ಎದುರಿನಿಂದ ಬರುವ ಬಸ್ಸಿಗೆ ಕೈ ತೋರಿಸುತ್ತಿದ್ದಳು.
ಟಿಕೇಟಿನ ಬೆನ್ನಿಗೆ ನಾನು ಬರೆದುಕೊಟ್ಟ ಬಾಕಿ,
ಎರಡೂವರೆ ರೂಪಾಯಿ,
ಇನ್ನೂ ನನ್ನಲ್ಲೇ ಇದೆ.

ಅವಳು ಪೆನ್ನು ತೆಗೆದುಕೊಂಡು ತಾನೇ ಬರೆದಳು,
ಆ ಗೆರೆಯನ್ನು ಸ್ವಲ್ಪ ಉದ್ದ ಎಳೆದಳು.
ಹಾಗೇ ಹಿಂದಿನ ಪುಟಗಳಿಗೆ ಹೋಗಿ
ಹತ್ತೊಂಬತ್ತನೇ ತಾರೀಕನ್ನು ನೋಡಿದಳು,
ಏನೂ ಹೇಳದೆ ಮಡಚಿದಳು.